ಕ್ಯಾಮೆರಾದ ಹಿಂದಿನ ಜಾಗ

ಮನೋಹರ ಬೂಟಿನ ತುದಿಯಿಂದ ಒದ್ದ ಲಿಂಬೆಹಣ್ಣು ತಗಡಿನ ಗೋಡೆಗೆ ಬಡಿದು, ಮೈಗೆ ಚುಚ್ಚಿದ್ದ ಏಳು ಸೂಜಿಗಳ ಸಮೇತ ಉರುಳುತ್ತ ಮರಳಿ ಅವನ ಕಾಲ ಬಳಿಗೇ ಬಂತು. ನಕ್ಕು ಇನ್ನೊಮ್ಮೆ ಒದ್ದ. ಈ ಸಲ ಅದು ಬಾಗಿಲಾಚೆ ಹೋಯಿತು.

"ಅಯ್ಯಯ್ಯ, ಏನ್ ಮಾಡಿದ್ಯೋ ತಮ್ಮಾ!" ಕಸಬರಿಗೆ ಹಿಡಿದು ಹೊಸ್ತಿಲಲ್ಲಿ ನಿಂತಿದ್ದ ನಾಗವ್ವನ ದನಿ ಒಡೆಯಿತು.

"ಸ್ಟ್ಯಾಂಡ್ ಇಡಾಕ ಜಾಗಾ ಬೇಕಲ್ರೀ ಮಾವಶಿ. ಒಯ್ದು ಶರಬತ್ ಮಾಡ್ಕೊಂಡು ಕುಡೀರಿ."

ಲಿಂಬೆ ಇದ್ದಲ್ಲೇ, ಅರಿಶಿನ ಕುಂಕುಮ ಮೆತ್ತಿದ ನೆಲದ ಮೇಲೆ, ಅವನು ಕ್ಯಾಮೆರಾದ ಮೂರು ಕಾಲು ಊರಿದ. ನಿಗಡಿ ಊರಿನ ಅಂಚಿನಲ್ಲಿ ಏಳುತ್ತಿದ್ದ ಆ ಕಟ್ಟಡದ ನೂರಾ ನಲವತ್ತು ಕೂಲಿಗಳಿಗೆ ಗುರುತಿನ ಚೀಟಿ ಆಗಬೇಕಿತ್ತು. ಸಿಮೆಂಟ್ ಧೂಳಿನಲ್ಲಿ ನಿಂತು ನೂರಾ ನಲವತ್ತು ಮುಖ ನೋಡುವ ಕರ್ಮ ಅವನಿಗೆ ಬೇಕಿರಲಿಲ್ಲ. ಉದ್ದನೆಯ ಕೇಬಲ್ಲನ್ನು ಕಿಟಕಿಯಿಂದ ತೂರಿಸಿ ಪಕ್ಕದ ಎ.ಸಿ. ಕೋಣೆಯ ಲ್ಯಾಪ್‌ಟಾಪಿಗೆ ಸಿಕ್ಕಿಸಿದ. ಫೋಕಸ್, ಬೆಳಕು, ಕ್ಲಿಕ್, ಎಲ್ಲ ಅಲ್ಲಿಂದಲೇ. ಒಂದು ಗುಂಡಿ ಒತ್ತಿದರೆ ಒಂದು ಮುಖ.

"ಆ ಜಾಗಾ ಖಾಲಿ ಬಿಡಬ್ಯಾಡ," ನಾಗವ್ವ ಮತ್ತೆ ಅಂದಳು. "ಪೋಟೋ ಹೊಡಿಯಂವ ಅಲ್ಲೇ ನಿಂತು, ಕಣ್ಣಿಲೆ ನೋಡಿ ಹೊಡೀಬೇಕು."

"ನಿಲ್ಲದಿದ್ರ?"

"ಮತ್ತೊಬ್ಬಂವ ಬಂದು ನಿಲ್ತಾನ."

"ನಿಲ್ಲಲಿ ಬಿಡ್ರಿ. ನನಗ ಕಾಲುನೋವು ತಪ್ಪತದ."

ಕೂಲಿಗಳ ಮುಕಾದಮ ಅಂಬಾದಾಸ ಚಹಾ ತಂದಿಟ್ಟವನು ಬಾಗಿಲಾಚೆ ಬಿದ್ದ ಲಿಂಬೆ ನೋಡಿ ಬಿಳಿಚಿಕೊಂಡ. ಕತೆ ಅವನ ಬಾಯಿಂದಲೇ ಬಂತು. ಮೂರು ತಿಂಗಳ ಹಿಂದೆ ನಾಗವ್ವನ ಒಬ್ಬನೇ ಮಗ ಮಾಂತು ಹನ್ನೊಂದನೇ ಮಹಡಿಯಲ್ಲಿ ಲಿಫ್ಟಿನಿಂದ ಇಟ್ಟಿಗೆ ಇಳಿಸುತ್ತಿದ್ದ. ಮೇಲಿನವರು ಪೈಪಿಗೆ ಎರಡು ಸಲ ಬಡಿದ ಮೇಲಷ್ಟೇ ಕೆಳಗಿನವನು ಗುಂಡಿ ಒತ್ತಬೇಕು. ಅವತ್ತು ಬಡಿತಕ್ಕೆ ಕಾಯಲಿಲ್ಲ, ಹೊರಗೆ ಬಂದು ತಲೆ ಎತ್ತಿಯೂ ನೋಡಲಿಲ್ಲ. ಕ್ಯಾಬಿನ್ನಿನ ನೆರಳಲ್ಲಿ ಕೂತೇ ಒತ್ತಿದ. ಲಿಫ್ಟು ಸರಿಯಿತು, ಮಾಂತು ಕೆಳಗೆ ಬಿದ್ದ. ಹೆಣ ತಂದು ಮಲಗಿಸಿದ್ದು ಈ ತಗಡಿನ ಕೋಣೆಯಲ್ಲೇ.

"ಆಕಿ ಮಗನ ಕೂದಲಾ ಹುಗದು ಮಾಟಾ ಮಾಡಿದ್ಲು," ಅಂಬಾದಾಸ ದನಿ ತಗ್ಗಿಸಿದ. "ಎದುರಿಗೆ ನಿಲ್ಲದ, ಕಣ್ಣಿಲೆ ನೋಡದ ಗುಂಡಿ ಒತ್ತಿದವನ ಬೆನ್ನಿಗೆ ನನ್ನ ಮಗಾ ನಿಲ್ಲಲಿ ಅಂತ. ಆ ಲಿಫ್ಟಿನಂವ ಈಗ ಭೋರ್‌ನ್ಯಾಗ, ತನ್ನ ಊರಾಗ ಇದ್ದಾನ. ಗ್ವಾಡಿಗೆ ಬೆನ್ನು ಹಚ್ಚದ ನಿಲ್ಲಂಗಿಲ್ಲಂತ. ಮಂದಿ ಹೆದರಿ ಕಾಲಿಗೆ ಬಿದ್ದ ಮ್ಯಾಲ ಆಕಿನಽ ಲಿಂಬಿ ಇಟ್ಟು ಅವನ್ನ ಕಟ್ಟಿದ್ಲು. ನೀವು ಬಿಚ್ಚಿದ್ರಿ."

"ಅಂಬಾದಾಸ್ ಭಾವು, ನೀವು ಸೀರಿಯಲ್ ಬರೀರಿ," ಎಂದು ಮನೋಹರ ಎ.ಸಿ. ಕೋಣೆ ಹೊಕ್ಕು ಬಾಗಿಲು ಹಾಕಿಕೊಂಡ.

ಕ್ಯಾಮೆರಾದ ಎದುರಿನ ಸ್ಟೂಲಿನಲ್ಲಿ ಮೊದಲು ಕೂತವಳು ಮರೆಮ್ಮ. ಕ್ಲಿಕ್. ಲ್ಯಾಪ್‌ಟಾಪಿನಲ್ಲಿ ಮುಖ ಮೂಡಿತು. ಕಣ್ಣು ಲೆನ್ಸಿನತ್ತ ಇರಲಿಲ್ಲ. ಒಂದು ಗೇಣು ಮೇಲಿತ್ತು. ಎರಡನೆಯವನೂ ಹಾಗೇ. ಹತ್ತನೆಯವಳೂ ಹಾಗೇ. ಆಳೆತ್ತರದ ಯಾರನ್ನೋ ನೋಡುವ ನೋಟ.

"ಲೆನ್ಸ್ ನೋಡ್ರೋ! ಮ್ಯಾಲ ಏನದ?" ಕಿಟಕಿಯಿಂದ ಕೂಗಿದ.

ಸ್ಟೂಲಿನ ಮೇಲಿದ್ದ ಜೈಭೀಮ ತುಟಿ ಅಲ್ಲಾಡಿಸದೆ ಅಂದ, "ಎದುರಿಗೆ ನಿಂತವನ್ನ ನೋಡದ ಹ್ಯಾಂಗ ಇರೂದ್ರೀ ಸಾಹೇಬ್ರ?"

ಹೊರಗೆ ಸಾಲಿನಲ್ಲಿ ಯಾರೂ ನಗಲಿಲ್ಲ. ಮನೋಹರ ನಕ್ಕ. ತನ್ನ ನಗು ತನಗೇ ಒಣಗಿದಂತೆ ಕೇಳಿತು.

ನಡು ಮಧ್ಯಾಹ್ನ. ತಗಡಿನ ಮೇಲೆ ಬಿಸಿಲು ಸಿಡಿಯುತ್ತಿತ್ತು. ಎ.ಸಿ.ಯ ತಂಪಿನೊಳಗೆ ಹಸಿ ಸಿಮೆಂಟಿನ ವಾಸನೆ ಹೊಕ್ಕಿತು, ಅದರ ಬೆನ್ನಿಗೆ ಹಳೆಯ ರಕ್ತದ ಕಬ್ಬಿಣದಂಥ ಕಮಟು. ಅರವತ್ತನೇ ಮುಖ ಮುಗಿದಾಗ ಅವನಿಗೆ ಏನೋ ಅನ್ನಿಸಿ, ತೆಗೆದ ಚಿತ್ರಗಳನ್ನೆಲ್ಲ ಒಂದರ ಹಿಂದೊಂದು ಬೇಗ ಬೇಗ ಓಡಿಸಿದ. ಮುಖಗಳು ಬದಲಾಗುತ್ತಿದ್ದವು. ಕಣ್ಣುಗಳು ಮಾತ್ರ ಒಂದೇ ಜೋಡಿಯ ಹಾಗೆ ಸರಿಯುತ್ತಿದ್ದವು. ಮೊದಲು ಕ್ಯಾಮೆರಾದ ಮೇಲೆ. ನಲವತ್ತರ ಹೊತ್ತಿಗೆ ತುಸು ಬಲಕ್ಕೆ. ಐವತ್ತಕ್ಕೆ ಕೇಬಲ್ ತೂರಿದ ಕಿಟಕಿಗೆ. ಸೂರ್ಯಕಾಂತಿ ಹೊಲ ಹೊತ್ತಿನ ಜೊತೆ ತಿರುಗುವ ಹಾಗೆ ಆ ಕೂಲಿಗಳೆಲ್ಲ ನಡೆಯುತ್ತಿದ್ದ ಯಾರನ್ನೋ ಹಿಂಬಾಲಿಸಿದ್ದರು. ಅರವತ್ತನೆಯವನು ನೇರ ಗೋಡೆಯನ್ನೇ ದಿಟ್ಟಿಸಿದ್ದ. ಗೋಡೆಯ ಈಚೆ ಮನೋಹರ ಕೂತಿದ್ದ.

ಟಣ್. ಟಣ್.

ತಗಡಿಗೆ ಎರಡು ಬಡಿತ. ಅವನ ತಲೆಯ ಹಿಂದೆಯೇ.

ಕ್ಲಿಕ್.

ಅವನ ಕೈ ಮಡಿಲಲ್ಲಿತ್ತು. ಗುಂಡಿ ಒತ್ತಿರಲಿಲ್ಲ. ಲ್ಯಾಪ್‌ಟಾಪಿನಲ್ಲಿ ಚಿತ್ರ ಮೂಡಿತು. ಸ್ಟೂಲಲ್ಲ. ಒಂದು ಕುತ್ತಿಗೆ. ಬೆವರಿದ ಕಾಲರು. ಅದು ಅವನದೇ ಬೆನ್ನು. ಕೇಬಲ್ ಕಿತ್ತ. ಕ್ಲಿಕ್. ಬೆನ್ನು ಇನ್ನೂ ಹತ್ತಿರ. ಲ್ಯಾಪ್‌ಟಾಪ್ ಮುಚ್ಚಿದ. ಕ್ಲಿಕ್. ಕಿವಿಯ ಬುಡಕ್ಕೆ ಉಸಿರು ತಾಗಿತು. ಉಸಿರಲ್ಲಿ ಧೂಳಿತ್ತು. ತಿರುಗಿದ. ಯಾರಿಲ್ಲ. ಮತ್ತೆ ತಿರುಗಿದ. ಉಸಿರು ಆಗಲೂ ಹಿಂದೆಯೇ. ಬಾಗಿಲು ಒದ್ದ. ಓಡಿದ.

ಹೊರಗೆ ಎಂಬತ್ತು ಜನ ಸಾಲು ನಿಂತಿದ್ದರು. ಒಬ್ಬರೂ ಅವನ ಮುಖ ನೋಡಲಿಲ್ಲ. ಎಲ್ಲರ ಕಣ್ಣೂ ಅವನ ಎಡ ಹೆಗಲ ಮೇಲೆ, ಒಂದು ಗೇಣು ಹಿಂದೆ. ಸಾಲು ಎರಡಾಗಿ ಸರಿದು ಇಬ್ಬರು ಹಾಯುವಷ್ಟು ದಾರಿ ಬಿಟ್ಟಿತು.

"ಅಂಬಾದಾಸ್ ಭಾವು!"

ಅಂಬಾದಾಸನೂ ಅವನನ್ನು ನೋಡಲಿಲ್ಲ. ಕೈ ಮುಗಿದ. ಮನೋಹರನಿಗಲ್ಲ.

ತಗಡಿನ ಕೋಣೆಯ ಬಾಗಿಲಾಚೆಯ ಮರಳ ರಾಶಿಯಲ್ಲಿ ಮೊಣಕಾಲೂರಿ ತಡಕಿ ತಡಕಿ ಲಿಂಬೆ ಹುಡುಕಿದ. ಸೂಜಿಗಳು ಬೆರಳಿಗೆ ಇಳಿದವು. ರಕ್ತ ಸುರಿಸುತ್ತ, ನೀರಿನ ಟ್ಯಾಂಕಿನ ಬಳಿ ಕೂತಿದ್ದ ನಾಗವ್ವನ ಮುಂದೆ ಹೋಗಿ ಬಿದ್ದ.

"ಯವ್ವಾ, ತಪ್ಪಾತು. ಮೊದಲಿನಂಗ ಕಟ್ಟಿ ಹಾಕ್ರಿ. ನೀವು ಹೇಳಿದಲ್ಲಿ ನಿಲ್ತೀನಿ, ಒಬ್ಬೊಬ್ಬರ ಮುಖಾ ನೋಡ್ತೀನಿ. ಕಟ್ರೀ ಯವ್ವಾ."

ಮುದುಕಿ ತಲೆ ಎತ್ತಿದಳು. ಕಸಬರಿಗೆ ಕೈಯಿಂದ ಜಾರಿತು. ಬೆಳಿಗ್ಗೆ ಅವನಿಗಾಗಿ ಒಡೆದಿದ್ದ ಆ ದನಿ ಈಗ ಬೇರೆ ಯಾರಿಗೋ ತುಂಬಿ ಬಂತು.

"ಎಷ್ಟು ಸೊರಗೀಯೋ, ಮಾಂತು."

ಎದ್ದು ಬಂದಳು. ಕೈ ಚಾಚಿದಳು. ಕೈ ಮನೋಹರನ ಕಿವಿ ಸವರಿಕೊಂಡು ಹಿಂದಕ್ಕೆ ಹೋಯಿತು. ಅಲ್ಲಿ ಗಾಳಿಯಲ್ಲಿ, ಸೆರಗಿನ ತುದಿಯಿಂದ ಯಾರದೋ ಹಣೆಯ ಧೂಳು ಒರೆಸಿದಳು. ಒರೆಸಿದ ಸೆರಗಿಗೆ ಸಿಮೆಂಟ್ ಹತ್ತಿತ್ತು.

"ಯವ್ವಾ, ನಾ ಏನ್ ಮಾಡೀನಿ ನಿಮಗ? ಲಿಫ್ಟ್ ಒತ್ತಿದಂವ ನಾ ಅಲ್ಲಲ್ರೀ."

"ಅಲ್ಲ. ನಿನ್ನ ತಪ್ಪು ಭಾಳ ಸಣ್ಣದು, ತಮ್ಮಾ. ಅದಕ್ಕ ಮೊದಲಽ ಹೇಳಿದ್ನಿ." ಈಗಲೂ ಅವಳು ನೋಡಿದ್ದು ಅವನ ಹಿಂದಕ್ಕೇ. "ಮಂದಿ ಮಾತು ಕೇಳಿ ಒಮ್ಮೆ ಕಟ್ಟಿದ್ನಿ. ಕಟ್ಟಿದ ದಿನದಿಂದ ಇಂವ ನನ್ನ ಕಣ್ಣಿಗೆ ಬಿದ್ದಿಲ್ಲ. ಇವತ್ತು ಬಂದಾನ."

ಮನೋಹರ ಅವಳ ಅಂಗೈ ಹಿಡಿದು, ರಕ್ತ ಮೆತ್ತಿದ ಲಿಂಬೆಯನ್ನು ಅದರೊಳಗೆ ತುರುಕಿದ.

ನಾಗವ್ವ ಅಂಗೈ ಮಗುಚಿದಳು. ಲಿಂಬೆ ಮಣ್ಣಿಗೆ ಬಿತ್ತು.

"ಒಲ್ಲೆ."