ನಾಲ್ಕನೇ ಪುಟದ ತಪ್ಪು

"ಕುಂದರವ್ವಾ, ಇದು ನಮ್ಮೂರ ಸಾಲಿ ಅಲ್ಲ!"

ನೆದರ್‌ಲ್ಯಾಂಡ್ಸ್‌ನ ಆ ವಿಶ್ವವಿದ್ಯಾಲಯದಲ್ಲಿ ಅದು ಶರಣಬಸಮ್ಮನ ಮೊದಲ ತರಗತಿ. ಪ್ರೊಫೆಸರ್ ಮರೈಕೆ ಒಳಬಂದ ಕೂಡಲೇ ರೂಢಿಯಂತೆ ಎದ್ದು ನಿಂತು "ಗುಡ್ ಮಾರ್ನಿಂಗ್ ಮೇಡಂ" ಅಂದಿದ್ದಳು. ಎಲ್ಲರೂ ಅವಳತ್ತ ತಿರುಗಿದರು. ಹಿಂದಿನಿಂದ ಆ ಮಾತು, ಜೊತೆಗೆ ನಗು... ಅದೂ ಕನ್ನಡದಲ್ಲಿ!

ತಿರುಗಿ ನೋಡುವ ಧೈರ್ಯವಾಗದೆ ಕುಸಿದು ಕೂತಳು.

ನಕ್ಕವನು ಗಂಗಾವತಿಯ ಹನಮೇಶ ಎಂದು ಆಮೇಲೆ ತಿಳಿಯಿತು. ಕುಷ್ಟಗಿಯಿಂದ ಇಷ್ಟು ದೂರ ಬಂದು, ನಮ್ಮ ಜಿಲ್ಲೆಯವನಿಂದಲೇ ಅವಮಾನ!

ಮೂರನೇ ವಾರ ಅವಳು ಪ್ರಬಂಧ ಮಂಡಿಸಿದಳು. ಹನಮೇಶ ಕೈ ಎತ್ತಿ ಒಂದರ ಹಿಂದೊಂದು ಮೂರು ಪ್ರಶ್ನೆ ಎಸೆದ. ಒಂದಕ್ಕೂ ಉತ್ತರ ಹೊಳೆಯಲಿಲ್ಲ. ಮರೈಕೆ ಮಾತ್ರ ಖುಷಿಯಿಂದ ತಲೆಯಾಡಿಸುತ್ತಿದ್ದರು.

ಅಂದು ಶೌಚಾಲಯದ ಬಾಗಿಲು ಹಾಕಿಕೊಂಡು ಅತ್ತಳು. ಅತ್ತು ಮುಗಿದಾಗ ಕಣ್ಣಲ್ಲಿ ನೀರಿರಲಿಲ್ಲ, ಕಿಚ್ಚಿತ್ತು.

'ನಿನ್ನನ್ನ ಬಿಡಂಗಿಲ್ಲ ಹನಮೇಶ...'

ಅವಕಾಶ ತಾನಾಗಿ ಬಂತು. ಒಬ್ಬರ ಪ್ರಬಂಧದ ಕರಡನ್ನು ಇನ್ನೊಬ್ಬರು ವಿಮರ್ಶಿಸಿ ತಿದ್ದಬೇಕು, ಅದಕ್ಕೂ ಅಂಕವಿತ್ತು. ಅವಳಿಗೆ ಸಿಕ್ಕಿದ್ದು ಅವನದೇ! ಗಂಗಾವತಿ ಕಾಲುವೆ ಬಯಲಿನ ಉಪ್ಪುಮಣ್ಣಿನ ಬಗ್ಗೆ ಬರೆದಿದ್ದ. ನಾಲ್ಕನೇ ಪುಟದಲ್ಲಿ ಕಾಲುವೆಯ ಆರಂಭದ ಹೊಲದ ಅಂಕಿಗಳೂ ಕೊನೆಯ ಹೊಲದ ಅಂಕಿಗಳೂ ಅದಲುಬದಲಾಗಿದ್ದವು.

ಅವಳ ಬೆರಳು ಒಂದು ಕ್ಷಣ ನಿಂತಿತು. ನಂತರ ಬರೆದಳು: 'ಎಲ್ಲಾ ಸರಿ ಇದೆ.'

ಮಂಡನೆಯ ದಿನ ಆ ತರಗತಿಯಲ್ಲಿ ಮೊದಲ ಸಲ ಅವಳ ಕೈ ಮೇಲೆದ್ದಿತು. ನಾಲ್ಕನೇ ಪುಟದ ಅಂಕಿಗಳ ಬಗ್ಗೆ ಅವಳು ಕೇಳಿದ ಪ್ರಶ್ನೆಗೆ ಹನಮೇಶ ಬಿಳಚಿಕೊಂಡ. ವಿಶ್ವವಿದ್ಯಾಲಯದ ಬೇಸಿಗೆ ರಜೆಯಲ್ಲಿ ಗಂಗಾವತಿಯ ಮಣ್ಣಿನ ಅಧ್ಯಯನ ನಡೆಯಲಿತ್ತು; ಅದರಲ್ಲಿ ಅವನಿಗಿದ್ದ ಸ್ಥಾನವನ್ನು ಮರೈಕೆ ಅವಳಿಗೆ ಕೊಟ್ಟರು.

ಗೆದ್ದೆ! ಎದೆ ಕುಣಿಯಿತು.

ಜುಲೈನಲ್ಲಿ ಗಂಗಾವತಿಗೆ ಬಂದವಳು ರೈತ ದ್ಯಾಮಣ್ಣನ ಗದ್ದೆಗೆ ಇಳಿದಳು.

"ಎಷ್ಟ್ ಬೇಕೋ ಅಷ್ಟ್ ಮಣ್ಣು ತಗೋರಿ ತಂಗಿ," ಅಂದ ದ್ಯಾಮಣ್ಣ. "ಸೂಟಿಗೆ ಊರಿಗೆ ಬಂದಾನಲ್ರಿ ಹನಮೇಶ, ಅವನೇ ಕೊಡಂತ ಹೇಳ್ಯಾನ. 'ನನ್ನ ತಪ್ಪು ಹಿಡದಾಕಿ, ಭಾಳ ಶಾಣ್ಯಾಕಿ ಅದಾಳ' ಅಂದ."

ಅವಳ ಕೈಯಲ್ಲಿದ್ದ ಸಲಿಕೆ ಭಾರವಾಯಿತು.

ಸಂಜೆ ಹನಮೇಶ ಬೈಕಿನಲ್ಲಿ ಬಂದಾಗ ಒಂದೇ ಉಸಿರಿಗೆ ಹೇಳಿಬಿಟ್ಟಳು. "ಆ ತಪ್ಪು ನಾ ಮೊದಲ ನೋಡಿದ್ದೆ. ಬೇಕಂತ ಮುಚ್ಚಿಟ್ಟೆ."

ಅವನ ಮುಖ ಕಲ್ಲಾಯಿತು.

"ಹಂಗಾದ್ರ ಅವತ್ತು ನೀ ಪ್ರಶ್ನೆ ಕೇಳಲಿಲ್ಲ. ಬೇಟೆ ಆಡಿದಿ."

"ನೀ ನನ್ನ ನೋಡಿ ನಗಲಿಲ್ಲೇನು? ಮಂದಿ ಮುಂದ ಕೆಡವಲಿಲ್ಲೇನು?"

"ನಿನ್ನ ಹಿಂದ ನಾನೂ ಎದ್ದು ನಿಂತಿದ್ದೆ ಶರಣಬಸಮ್ಮ! ಇಬ್ಬರೂ ಒಂದ ಥರ ನಿಂತಿದ್ದಕ್ಕ ನಗು ಬಂತು. ಕ್ಲಾಸಿನ ಪಟ್ಟ್ಯಾಗ ನಿನ್ನ ಹೆಸರು, ಊರು ಓದಿದ್ದೆ, ನಮ್ಮೂರ ಕಡೆಯಾಕಿ ಅಂತ ಖುಷಿಗೆ ಹಂಗಂದೆ. ಪ್ರಶ್ನೆ? ಅಲ್ಲಿ ಯಾರೂ ಏನೂ ಕೇಳಲಿಲ್ಲ ಅಂದ್ರ ಯಾರೂ ಕಿವಿಗೊಡಲಿಲ್ಲ ಅಂತ ಅರ್ಥ. ನಾ ಕಿವಿಗೊಟ್ಟಿದ್ದೆ."

ಬೈಕು ಹೊರಟುಹೋಯಿತು. ಅವಳು ಬದುವಿನ ಮೇಲೆ ಕೂತೇ ಇದ್ದಳು. ಎಂಥ ಕೆಲಸ ಮಾಡಿಬಿಟ್ಟೆ...

ಮರುದಿನ ಮರೈಕೆಗೆ ಎಲ್ಲವನ್ನೂ ಬರೆದಳು, ತನ್ನ ಸ್ಥಾನ ಅವನಿಗೇ ಕೊಡಿ ಎಂದಳು. ಉತ್ತರ ಖಾರವಾಗಿಯೇ ಬಂತು: 'ವಿಮರ್ಶೆಯಲ್ಲಿ ನಿನಗೆ ಸೊನ್ನೆ. ಅಧ್ಯಯನ ಅವನೇ ನಡೆಸಲಿ. ಅವನು ಒಪ್ಪಿದರೆ ಮಾತ್ರ ನೀನು ಸಹಾಯಕ್ಕಿರು.'

ಮೂರು ದಿನ ಅವನ ಸುದ್ದಿಯಿಲ್ಲ. ನಾಲ್ಕನೇ ದಿನ ಅವಳು ಉಳಿದಿದ್ದ ಕೋಣೆಯಲ್ಲಿ ಬ್ಯಾಗು ಕಟ್ಟುತ್ತಿದ್ದಾಗ ಅವನು ಬಾಗಿಲಲ್ಲಿ ನಿಂತಿದ್ದ.

"ಎಲ್ಲಿಗಿ ಹೊಂಟಿ?"

"ನೀ ಒಪ್ಪಂಗಿಲ್ಲ ಅಂತ..."

"ಸಿಟ್ಟು ಇನ್ನೂ ಹೋಗಿಲ್ಲ," ಅಂದ. ದನಿ ಮಾತ್ರ ಮೆತ್ತಗಿತ್ತು. "ಆದ್ರ ನೀ ಎದುರಿಗಿಲ್ಲದಿದ್ರ ಆ ಸಿಟ್ಟೂ ಸಪ್ಪಗ ಅನಸ್ತೈತಿ. ಮೊದಲ ದಿನದಿಂದ ನೀ ಅಂದ್ರ ನನಗ... ಗೊತ್ತಾಗಲಿಲ್ಲೇನು?"

ಅವಳ ಕಣ್ಣು ತುಂಬಿತು.

"ಸಿಟ್ಟು ಇಳಿಯಾಕ ಎಷ್ಟ ದಿನ ಬೇಕು?"

"ಭಾಳ ದಿನ ಬೇಕು. ಅಲ್ಲಿತನಕ ಇರ್ತಿಯೇನು?"

"ಇಳಿದ ಮ್ಯಾಲೂ ಇರ್ತೀನಿ," ಅಂದಳು ಶರಣಬಸಮ್ಮ.