ಕೊನೆಯಲ್ಲಿ ಸೇರಿಕೊಂಡವಳು

ಅದು ಎರಡು ಸಾವಿರದ ಹದಿನೇಳರ ಮಳೆಗಾಲ. ಕಾಡುಗೋಡಿ ಆಚೆಯ ನಮ್ಮ ಗಾರ್ಮೆಂಟ್ಸ್‌ಗೆ ನೀರು ನುಗ್ಗಿ ಮಧ್ಯಾಹ್ನವೇ ರಜೆ ಕೊಟ್ಟರು. ದಕ್ಷಿಣ ಪಿನಾಕಿನಿ ತುಂಬಿ ಸೇತುವೆಯ ಮೇಲೆ ಮೊಣಕಾಲುದ್ದ ಹರಿಯುತ್ತಿತ್ತು. ಮಕ್ಕಳಿದ್ದ ಮನೆ ಆಚೆ ದಡದಲ್ಲಿ. ನಾವು ನಾಲ್ವರು ಹೆಂಗಸರು ಒಬ್ಬರ ಕೈ ಒಬ್ಬರು ಹಿಡಿದು ನೀರಿಗಿಳಿದೆವು. ನನ್ನ ಮುಂದೆ ಮುನಿಯಕ್ಕ, ನಾನೇ ಕೊನೆಯವಳು.

ನಡುವೆ ನನ್ನ ಕಾಲು ಜಾರಿತು. ಹಿಂದಿನಿಂದ ಯಾರೋ ಎಡಗೈ ಹಿಡಿದು ನಿಲ್ಲಿಸಿದರು. ತಡವಾಗಿ ಹೊರಟವರು ಯಾರೋ ಸೇರಿಕೊಂಡರು ಅಂದುಕೊಂಡೆ. ತಿರುಗಿ ನೋಡುವ ಧೈರ್ಯವಿರಲಿಲ್ಲ. ಅಷ್ಟು ಮಳೆಯಲ್ಲೂ ಆ ಕೈಯಲ್ಲಿ ಒಂದು ಹನಿ ಪಸೆಯಿರಲಿಲ್ಲ, ಜ್ವರ ಬಂದವರ ಕೈಯಂತೆ ಸುಡುತ್ತಿತ್ತು.

"ಗಟ್ಟಿಯಾಗಿ ಹಿಡ್ಕೊಳ್ಳಿ ಅಕ್ಕಾ," ಎಂದೆ.

"ಹೂಂ," ಎಂದಿತು ಹೆಣ್ಣು ದನಿ.

ದಡ ಸಿಕ್ಕಿತು. ಮುನಿಯಕ್ಕ ನನ್ನ ಎರಡೂ ತೋಳು ಹಿಡಿದು ಮೇಲಕ್ಕೆಳೆದುಕೊಂಡರು. ಹಿಂದಿನ ಕೈ ತಪ್ಪಿತು.

"ಅಕ್ಕಾ, ನಾನಿನ್ನೂ ನೀರಲ್ಲೇ ಇದೀನಿ," ಎಂದಿತು ಹಿಂದಿನಿಂದ ಅದೇ ದನಿ.

ತಿರುಗಿದರೆ ಸೇತುವೆ ಖಾಲಿ. ಯಾರೋ ಕೊಚ್ಚಿಹೋದರೆಂದು ಕಿರುಚಿದೆ. ಅಗ್ನಿಶಾಮಕದವರು ಕತ್ತಲಾಗುವವರೆಗೂ ಹುಡುಕಿದರು. ಫ್ಯಾಕ್ಟರಿಯಲ್ಲಾಗಲಿ ಸುತ್ತಲ ಊರುಗಳಲ್ಲಾಗಲಿ ಯಾರೂ ಕಾಣೆಯಾಗಿರಲಿಲ್ಲ.

"ಭಯಕ್ಕೆ ನಿಂಗೆ ಅಂಗನ್ಸಿರ್ತದೆ ಬಿಡು," ಎಂದು ಎಲ್ಲರೂ ಸಮಾಧಾನ ಹೇಳಿದರು. ಮುನಿಯಕ್ಕ ಮಾತ್ರ ಹೇಳಲಿಲ್ಲ. ನೀರಿನಿಂದ ಬಂದ ಆ ದನಿ ಅವರಿಗೂ ಕೇಳಿಸಿತ್ತು.