ಕಲ್ಲಂಗಡಿ ಹೂವಿನ ಸೇಡು

ಜೇನು ಕಚ್ಚದಂತೆ ಮುಖಕ್ಕೆ ಹಾಕಿದ್ದ ಬಲೆ ಎತ್ತುವ ಮೊದಲೇ ನಾಗವೇಣಿ ಅವನನ್ನು ಗುರುತಿಸಿದಳು. ಬೇಲಿಯಾಚೆ ಬೈಕ್ ನಿಲ್ಲಿಸಿದ್ದ ಶಿವರಾಜ ಬಿಸಿಲಿಗೆ ಕಪ್ಪಾಗಿದ್ದ. ಕಣ್ಣುಗಳು ಮಾತ್ರ ಹಾಗೆಯೇ ಇದ್ದವು. ಅದೇ ಅವಳಿಗೆ ಸಿಟ್ಟು ತರಿಸಿತು.

"ಗೂಗಲ್ ಊರಾಗ ಹೊಳಿ ದಂಡಿಗೆ ಕಲ್ಲಂಗಡಿ ಹಾಕೀನಿ. ಹೂವು ಬರ್ತಾವ, ಕಾಯಿ ಕಟ್ಟವಲ್ಲವು. ಜೇನು ಪೆಟ್ಟಿಗಿ ಬೇಕಾಗಿತ್ತು," ಎಂದ.

"ಇದು ಯಾರ ಹೊಲ ಅಂತ ಗೊತ್ತಿತ್ತೇನು?"

"ನಿನ್ನ ಹೆಸರು ಕೇಳೇ ಬಂದೀನಿ."

ರಾಯಚೂರಿನಲ್ಲಿ ಕೃಷಿ ಓದುವಾಗ ಇಬ್ಬರೂ ಪ್ರೀತಿಸಿದ್ದರು. ಒಮ್ಮೆ ಅವನೇ ಕರೆದನೆಂದು ಅವಳು ಹೊಸ ಸೀರೆ ಉಟ್ಟು ಮಾನ್ವಿಗೆ, ಅವರ ರೈಸ್ ಮಿಲ್ಲಿಗೆ ಹೋಗಿದ್ದಳು. "ಯಾರಕಿ?" ಎಂದು ಅವನ ತಂದೆ ವಿರೂಪಣ್ಣ ಕೇಳಿದರು. ಅವಳದು ಯಾವ ಕೇರಿ ಎಂಬ ಮಾತು ಬರುತ್ತದೆಂದು ಹೆದರಿದ ಶಿವರಾಜ ನೆಲ ನೋಡುತ್ತ ಹೇಳಿದ್ದ: "ಕೆಲಸ ಕೇಳಾಕ ಬಂದಾಳ." ಅಂದೇ ಅವಳು ತನ್ನ ಊರ ಕಡೆಗೆ, ದೇವದುರ್ಗದ ಬಸ್ಸು ಹತ್ತಿದ್ದಳು. ಆಮೇಲೆ ಅವಳನ್ನು ಉಳಿಸಿದ್ದು ಈ ಜೇನುಗಳು. ಇವುಗಳ ಗುಂಯ್‌ಗುಡುವಿಕೆಯಲ್ಲಿ ಮಾತ್ರ ಆ ಮಾತು ಕೇಳಿಸುತ್ತಿರಲಿಲ್ಲ.

ಗುಡಿಸಲಿನಿಂದ ತಾಯಿ ಅಮರಮ್ಮ ಹೊರಬಂದಳು. "ಯಾರವಾ?"

ನಾಗವೇಣಿ ಅವನ ಕಣ್ಣು ನೋಡುತ್ತಲೇ ಗಟ್ಟಿಯಾಗಿ ಹೇಳಿದಳು. "ಕೆಲಸ ಕೇಳಾಕ ಬಂದಾನ."

ಶಿವರಾಜನ ಮುಖ ಬಿಳುಚಿತು. ತಲೆ ಮಾತ್ರ ತಗ್ಗಲಿಲ್ಲ. "ಹೌದ್ರಿ ಯವ್ವಾ. ಕೊಟ್ರ ಮಾಡ್ತೀನಿ."

ಅವಳು ಕೊಟ್ಟಳು. ನೀರು ಹೊರಿಸಿದಳು, ಪೆಟ್ಟಿಗೆ ತೊಳೆಸಿದಳು, ಮುಖಕ್ಕೆ ಬಲೆ ಕೊಡದೆ ಜೇನಿನ ನಡುವೆ ನಿಲ್ಲಿಸಿದಳು. ಕಚ್ಚಿಸಿಕೊಂಡು ಅವನ ಒಂದು ಕಣ್ಣು ಮುಚ್ಚಿಹೋಯಿತು. ಅವಳು ಮನಸಾರೆ ನಕ್ಕಳು.

"ನಗು. ನಿನ್ನ ನಗಿ ನೋಡಿ ಭಾಳ ದಿನ ಆಗಿತ್ತು," ಎಂದ ಅವನು, ತೆರೆದಿದ್ದ ಇನ್ನೊಂದು ಕಣ್ಣಿನಿಂದ ನೋಡುತ್ತ. ಅವಳ ನಗು ತಟ್ಟನೆ ನಿಂತಿತು.

ಪೆಟ್ಟಿಗೆ ಮಾತ್ರ ಕೊಡಲಿಲ್ಲ. ಜೇನು ಮಾಡಬೇಕಾದ ಕೆಲಸವನ್ನು ಅವನೇ ಮಾಡತೊಡಗಿದ; ನಸುಕಿನಲ್ಲಿ ತನ್ನ ಹೊಲದಲ್ಲಿ ಮೊಣಕಾಲೂರಿ, ಗಂಡು ಹೂವು ಕಿತ್ತು ಹೆಣ್ಣು ಹೂವಿಗೆ ಒಂದೊಂದಾಗಿ ತಾಗಿಸಿ, ಆಮೇಲೆ ಅವಳ ಕೆಲಸಕ್ಕೆ ಬರುತ್ತಿದ್ದ. ಸುದ್ದಿ ಕೇಳಿ ಅವಳಿಗೆ ಹಾಯೆನಿಸಿತು. ಉಳಿದ ಹೂವೆಲ್ಲ ಉದುರಲಿ ಎಂದುಕೊಂಡಳು.

ಒಂದು ದಿನ ಅವಳು, ಸುತ್ತ ಹೂವಿಲ್ಲದ್ದರಿಂದ, ಪೆಟ್ಟಿಗೆಯೊಳಗೆ ಸಕ್ಕರೆ ನೀರು ಇಡುತ್ತಿದ್ದಾಗ ಅಮರಮ್ಮ ಬಂದು ಪಕ್ಕದಲ್ಲಿ ಕುಳಿತಳು.

"ಸೂರ್ಯಕಾಂತಿ ಮುಗದ ಮ್ಯಾಲ ವರ್ಷಾ ಇವನ್ನ ಹೊಳಿ ದಂಡಿಗೆ ಒಯ್ತಿದ್ದಿ. ಈ ಸಲ ಅವನ ಮ್ಯಾಲಿನ ಸಿಟ್ಟಿಗೆ ಇವಕ್ಕ್ಯಾಕ ಉಪವಾಸ?"

ನಾಗವೇಣಿ ಪೆಟ್ಟಿಗೆಯೊಳಗೆ ಬಗ್ಗಿ ನೋಡಿದಳು. ಹುಳುಗಳು ಸೊರಗಿದ್ದವು, ಜೇನುತಟ್ಟಿಗಳು ಬರಿದಾಗಿದ್ದವು. ತನ್ನನ್ನು ಬದುಕಿಸಿದ ಜೀವಗಳನ್ನೇ ಸೇಡಿನ ಹೆಸರಲ್ಲಿ ಸೊರಗಿಸುತ್ತಿದ್ದೇನೆ ಎನ್ನಿಸಿತು.

ಆ ಸಂಜೆ ಹುಳುಗಳೆಲ್ಲ ಗೂಡು ಸೇರಿದ ಮೇಲೆ ಪೆಟ್ಟಿಗೆಗಳು ಟಂಟಂ ಗಾಡಿ ಏರಿ ಗೂಗಲ್‌ಗೆ ಹೋದವು. ಬೆಳಗಾದಾಗ ಕೃಷ್ಣೆಯ ಕಡೆಯಿಂದ ತಂಗಾಳಿ ಬಂತು. ಪೆಟ್ಟಿಗೆಗಳ ಬಾಗಿಲು ತೆಗೆದ ಕೂಡಲೇ ಜೇನುಗಳು ಹಳದಿ ಹೂವುಗಳ ಮೇಲೆ ಮುಗಿಬಿದ್ದವು. ಇಬ್ಬರೂ ಬದುವಿನ ಮೇಲೆ ಕುಳಿತು ನೋಡಿದರು.

"ಇದು ನಿನಗಲ್ಲ, ಹುಳಕ್ಕ," ಎಂದಳು.

"ಗೊತ್ತದ." ಅವನು ಮಣ್ಣಿನ ಕೈ ಒರೆಸಿಕೊಂಡ. "ಅಪ್ಪಗ ಎಲ್ಲಾ ಹೇಳೀನಿ. ನೀ ಯಾರು, ನಾ ಎಂಥಾ ಹೇಡಿ ಅಂತ. ಮಿಲ್ ಬಿಟ್ಟು ಬಂದದ್ದು ಅದಕ್ಕ. ಈಗೂ ನೀನಂದ್ರ ನನಗ ಜೀವ, ನಾಗೂ."

ಅವಳು ಅವನತ್ತ ತಿರುಗಿದಳು. "ನನ್ನ ಸಿಟ್ಟು ಹೋಗಿಲ್ಲ."

"ಹೋಗೂದು ಬ್ಯಾಡ."

"ದಿನಾ ಒಂದೀಟು ತೀರಿಸ್ಕೋತೀನಿ."

"ಎಲ್ಲೀತನಕ?"

"ಮುದುಕಿ ಆಗೂತನಕ." ಅವಳು ಜೇನು ಕಚ್ಚಿ ಬಾತಿದ್ದ ಅವನ ಬೆರಳುಗಳನ್ನು ತನ್ನ ಅಂಗೈಯೊಳಗೆ ಬಿಗಿಯಾಗಿ ಹಿಡಿದಳು. "ಅಲ್ಲೀತನಕ ನನ್ನ ಕಣ್ಣಮುಂದ ಇರಬೇಕು ನೀ. ತಿಳೀತಿಲ್ಲೋ?"